ಮೂಕಚಿತ್ರಗಳ ಋಣ

1917ರಲ್ಲಿ ದಾದಾಸಾಹೇಬ ಫಾಲ್ಕೆಯವರು ಒಂದು ಸಣ್ಣ ಚಿತ್ರವನ್ನು ತಯಾರಿಸಿದರು. ಅದರಲ್ಲಿ ದೇವತೆಗಳಿಲ್ಲ, ರಾಕ್ಷಸರಿಲ್ಲ, ಪವಾಡಗಳೂ ಇಲ್ಲ. ಚಲಚ್ಚಿತ್ರವನ್ನು ತಯಾರಿಸುವುದು ಹೇಗೆ ಎಂಬುದೇ ಅದರ ವಸ್ತು. ಬಿಳಿಯ ಪರದೆಯ ಮೇಲೆ ಓಡಾಡುವ ನೆರಳುಗಳನ್ನು ಕಂಡು ಬೆರಗಾಗುತ್ತಿದ್ದ ಜನರ ಮುಂದೆ ಆ ಬೆರಗಿನ ಹಿಂದಿರುವ ದುಡಿಮೆಯನ್ನು ಅದು ತೆರೆದಿಟ್ಟಿತು. ಉಳಿದು ಬಂದಿರುವ ತುಣುಕುಗಳಲ್ಲಿ ಫಾಲ್ಕೆಯವರೇ ಕಾಣಿಸಿಕೊಳ್ಳುತ್ತಾರೆ. ನಟರಿಗೆ ಅಭಿನಯವನ್ನು ಹೇಳಿಕೊಡುತ್ತಾರೆ; ಫಿಲ್ಮಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಾರೆ. ಭಾರತದಲ್ಲಿ ಸಿನಿಮಾ ತನ್ನನ್ನು ತಾನೇ ಕನ್ನಡಿಯಲ್ಲಿ ನೋಡಿಕೊಂಡ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಆ ಕಾಲದ ಇಂತಹ ಕನ್ನಡಿಗಳು ಹೆಚ್ಚು ಉಳಿದಿಲ್ಲ. ಮೂಕಚಿತ್ರಗಳು ನೈಟ್ರೇಟ್ ಫಿಲ್ಮಿನ ಮೇಲೆ ಅಚ್ಚಾಗುತ್ತಿದ್ದವು. ಅದು ಬೆಂಕಿಗೆ ಬೇಗ ತುತ್ತಾಗುವ ವಸ್ತು. ಬೆಂಕಿಯಿಂದ ಪಾರಾದರೂ ಕಾಲ ಕಳೆದಂತೆ ತಾನಾಗಿಯೇ ಕೊಳೆತು ಪುಡಿಯಾಗುವಂಥದು. ಟಾಕಿ ಬಂದ ಮೇಲೆ ಮಾತಿಲ್ಲದ ಚಿತ್ರಕ್ಕೆ ಬೆಲೆಯೂ ಇಲ್ಲವಾಯಿತು. ಅದರಲ್ಲಿನ ಬೆಳ್ಳಿಯ ಅಂಶಕ್ಕಾಗಿ ಎಷ್ಟೋ ಸುರುಳಿಗಳನ್ನು ಕರಗಿಸಿದರು. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಚಿತ್ರಗಳು ಸುಮಾರು 11,000. ಅವುಗಳಲ್ಲಿ ಮೂಲರೂಪದಲ್ಲಿ ಸಂಪೂರ್ಣವಾಗಿ ಉಳಿದಿರುವುದು ನೂರಕ್ಕೆ 14ರಷ್ಟು ಮಾತ್ರವೆಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸಿತು. ಭಾರತದ ಲೆಕ್ಕವು ಇದಕ್ಕಿಂತಲೂ ಶೋಚನೀಯ. ಇಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಉಳಿದಿರುವವು ತೀರ ಸ್ವಲ್ಪ. ಅವುಗಳಲ್ಲಿಯೂ ಹಲವು ಬರಿಯ ತುಂಡುಗಳು.

ತಾಯಿಯ ಮುಖವನ್ನು ಮರೆತ ಮಗು ಬೆಳೆದು ದೊಡ್ಡವನಾದ ಮೇಲೆ ಊರವರನ್ನು ಕೇಳಿ ಆಕೆಯ ಚಿತ್ರವನ್ನು ಬರೆಯಿಸಿದಂತೆ, ವಾಕ್ಚಿತ್ರವೂ ತನ್ನ ಮೂಕಿ ತಾಯಿಯ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತ ಬಂದಿದೆ. ಈ ಸಾಲಿನ ಚಿತ್ರಗಳು ಮನರಂಜನೆಯ ಜೊತೆಗೆ ಹಿರಿಯರ ಋಣವನ್ನು ತೀರಿಸುವ ಪ್ರಯತ್ನವನ್ನೂ ಮಾಡುತ್ತವೆ. ಆದರೆ ಯಾರ ಋಣ? ಯಾರನ್ನು ನೆನೆದು ಯಾರನ್ನು ಮರೆತರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಂತಹ ಕೆಲವು ಚಿತ್ರಗಳನ್ನು ನೋಡಿದರೆ ಕುತೂಹಲಕರವಾದ ಸಂಗತಿಗಳು ಹೊರಬೀಳುತ್ತವೆ.

ನಗೆಯ ಹಿಂದಿನ ದನಿ

1952ರಲ್ಲಿ ತೆರೆಕಂಡ ‘ಸಿಂಗಿಂಗ್ ಇನ್ ದಿ ರೇನ್’ ಹಾಲಿವುಡ್ಡಿನ ಅತ್ಯಂತ ಜನಪ್ರಿಯವಾದ ಸಂಗೀತಚಿತ್ರಗಳಲ್ಲಿ ಒಂದು. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡಾನೆನ್ ಅದನ್ನು ಜೊತೆಯಾಗಿ ನಿರ್ದೇಶಿಸಿದರು. ಕಥೆ ನಡೆಯುವುದು 1927ರಲ್ಲಿ. ‘ದಿ ಜಾಜ್ ಸಿಂಗರ್’ ಎಂಬ ಚಿತ್ರ ಆ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ, ತೆರೆಯ ಮೇಲಿನ ನಟನ ಬಾಯಿಂದ ಮಾತು ಕೇಳಿದೊಡನೆ ಇಡೀ ಉದ್ಯಮವೇ ತಲ್ಲಣಿಸಿಹೋಯಿತು. ಅರ್ಧ ಮುಗಿದಿದ್ದ ಮೂಕಚಿತ್ರಗಳಿಗೆ ತರಾತುರಿಯಿಂದ ಮಾತನ್ನು ಜೋಡಿಸತೊಡಗಿದರು. ಮೈಕನ್ನು ಎಲ್ಲಿ ಅಡಗಿಸುವುದು? ಕ್ಯಾಮೆರಾದ ಗರಗರ ಸದ್ದನ್ನು ಹೇಗೆ ಅಡಗಿಸುವುದು? ಹೂವಿನ ಪೊದೆಯಲ್ಲಿ ಮೈಕನ್ನು ಬಚ್ಚಿಟ್ಟರೆ ನಟಿಯು ಮುಖ ತಿರುಗಿಸಿದಾಗಲೆಲ್ಲ ಮಾತು ಮಾಯವಾಗುತ್ತದೆ. ಅವಳ ಉಡುಪಿನಲ್ಲಿಯೇ ಇಟ್ಟರೆ ಎದೆಬಡಿತವು ನಗಾರಿಯಂತೆ ಕೇಳುತ್ತದೆ. ಹಾಸ್ಯಕ್ಕಾಗಿ ಕೊಂಚ ಉಬ್ಬಿಸಿದ್ದರೂ ಇವು ಶುದ್ಧ ಕಲ್ಪನೆಗಳಲ್ಲ. ಆರಂಭದ ಟಾಕಿಗಳ ಕಾಲದಲ್ಲಿ ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಸದ್ದು ಹೊರಬರದಂತೆ ಒಂದು ಪೆಟ್ಟಿಗೆಯಂತಹ ಕೋಣೆಯೊಳಗೆ ಕೂಡಿಹಾಕಿ ಚಿತ್ರೀಕರಣ ನಡೆಸಿದ್ದುಂಟು.

ಚಿತ್ರದ ನಾಯಿಕೆ ಕ್ಯಾಥಿ ಎಂಬ ತರುಣಿ. ಕರ್ಕಶ ಕಂಠದ ಹೆಸರಾಂತ ತಾರೆಯೊಬ್ಬಳಿಗೆ ಇವಳು ಮರೆಯಲ್ಲಿ ನಿಂತು ದನಿಯನ್ನು ಕೊಡುತ್ತಾಳೆ. ಕೊನೆಯಲ್ಲಿ ಪರದೆಯನ್ನು ಮೇಲೆತ್ತಿ, ಹಾಡುತ್ತಿದ್ದವಳು ಯಾರೆಂಬುದನ್ನು ಸಭೆಗೆ ತೋರಿಸುತ್ತಾರೆ. ಎಲೆಮರೆಯ ಕಾಯಿಯಂತಿದ್ದವಳಿಗೆ ನ್ಯಾಯ ದೊರಕಿತೆಂದು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ.

ಆದರೆ ಈ ಚಿತ್ರದ ತಯಾರಿಕೆಯಲ್ಲಿ ನಡೆದುದೇನು? ಕ್ಯಾಥಿಯ ಪಾತ್ರವನ್ನು ವಹಿಸಿದವರು ಡೆಬಿ ರೆನಾಲ್ಡ್ಸ್. ಕ್ಯಾಥಿಯು ತಾರೆಗೆ ದನಿ ಕೊಡುವ ದೃಶ್ಯದಲ್ಲಿ ಕೇಳಿಬರುವ ಮಾತುಗಳು, ಕರ್ಕಶ ಕಂಠದ ತಾರೆಯಾಗಿ ನಟಿಸಿದ ಜೀನ್ ಹೇಗನ್ ಅವರ ಸಹಜವಾದ, ಸೊಗಸಾದ ದನಿಯವು! ಅಲ್ಲಿಯ ಹಾಡನ್ನು ಹಾಡಿದವರು ಬೆಟ್ಟಿ ನಾಯ್ಸ್ ಎಂಬ ಮೂರನೆಯ ಗಾಯಕಿ. ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರಿಲ್ಲ. ಮರೆಯಲ್ಲಿ ಹಾಡಿದವಳಿಗೆ ಮನ್ನಣೆ ಸಲ್ಲಬೇಕೆಂದು ಸಾರುವ ಚಿತ್ರವೇ ಮರೆಯಲ್ಲಿ ಹಾಡಿದವಳನ್ನು ಮರೆಯಲ್ಲಿಯೇ ಉಳಿಸಿತು. ದೀಪದ ಕೆಳಗೆ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಹಳೆಯ ಬಂಗಲೆಯ ಒಡತಿ

ಇದಕ್ಕೆ ಎರಡು ವರ್ಷ ಮೊದಲು, 1950ರಲ್ಲಿ, ಬಿಲ್ಲಿ ವೈಲ್ಡರ್ ಅವರ ‘ಸನ್‌ಸೆಟ್ ಬುಲೆವಾರ್ಡ್’ ಬಂದಿತ್ತು. ಅಲ್ಲಿ ನಗೆಯಿಲ್ಲ, ಇದ್ದರೂ ಅದು ಕಹಿನಗೆ. ಮೂಕಚಿತ್ರಗಳ ಕಾಲದಲ್ಲಿ ರಾಣಿಯಂತೆ ಮೆರೆದ ನೋರ್ಮಾ ಡೆಸ್ಮಂಡ್ ಪಾಳುಬೀಳುತ್ತಿರುವ ಬಂಗಲೆಯಲ್ಲಿ ತನ್ನ ಹಳೆಯ ಚಿತ್ರಗಳನ್ನು ತಾನೇ ನೋಡಿಕೊಳ್ಳುತ್ತ, ಜನರು ತನ್ನನ್ನು ಇನ್ನೂ ಕಾಯುತ್ತಿದ್ದಾರೆಂಬ ಭ್ರಮೆಯಲ್ಲಿ ಬದುಕುತ್ತಾಳೆ. ಅಭಿಮಾನಿಗಳ ಪತ್ರಗಳು ಬರುತ್ತಲೇ ಇರುತ್ತವೆ. ಅವನ್ನು ಬರೆಯುವವನು ಅವಳ ಮನೆಯ ಚಾಕರ. ಆ ಚಾಕರನು ಒಂದು ಕಾಲದಲ್ಲಿ ಅವಳನ್ನು ತಾರೆಯನ್ನಾಗಿ ಮಾಡಿದ ನಿರ್ದೇಶಕ, ಅವಳ ಮೊದಲನೆಯ ಗಂಡ!

ವೈಲ್ಡರ್ ಈ ಪಾತ್ರಗಳಿಗೆ ಆರಿಸಿದವರನ್ನು ನೋಡಬೇಕು. ನೋರ್ಮಾ ಆದವರು ಮೂಕಚಿತ್ರಯುಗದ ನಿಜವಾದ ಮಹಾತಾರೆ ಗ್ಲೋರಿಯಾ ಸ್ವಾನ್ಸನ್. ಚಾಕರನಾದವರು ಆ ಯುಗದ ನಿಜವಾದ ಮಹಾನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್. 1924ರ ‘ಗ್ರೀಡ್’ ಚಿತ್ರವನ್ನು ಅವರು ಎಂಟು ಗಂಟೆಗಳಿಗೂ ಮಿಕ್ಕ ಉದ್ದಕ್ಕೆ ತಯಾರಿಸಿದ್ದರು; ಕಂಪನಿಯವರು ಅದನ್ನು ಎರಡೂಕಾಲು ಗಂಟೆಗಳ ಸುಮಾರಿಗೆ ಕತ್ತರಿಸಿದರು. ನೋರ್ಮಾ ಬಂಗಲೆಯಲ್ಲಿ ಕುಳಿತು ನೋಡುವ ಹಳೆಯ ಚಿತ್ರದ ತುಣುಕು ‘ಕ್ವೀನ್ ಕೆಲ್ಲಿ’ಯದು. ಸ್ಟ್ರೋಹೈಮ್ ನಿರ್ದೇಶನದಲ್ಲಿ ಸ್ವಾನ್ಸನ್ ನಟಿಸುತ್ತಿದ್ದ ಆ ಚಿತ್ರವು 1929ರಲ್ಲಿ ಜಗಳವಾಗಿ ಅರ್ಧಕ್ಕೆ ನಿಂತುಹೋಗಿತ್ತು. ನೋರ್ಮಾಳ ಮನೆಗೆ ಇಸ್ಪೀಟು ಆಡಲು ಬರುವ ಮೌನ ಅತಿಥಿಗಳಲ್ಲಿ ಒಬ್ಬರು ಬಸ್ಟರ್ ಕೀಟನ್. ಜಗತ್ತನ್ನೇ ನಗಿಸಿದ ಆ ವಿದೂಷಕನಿಗೆ ಇಲ್ಲಿ ಒಂದೆರಡು ಮಾತುಗಳಷ್ಟೇ.

ಈ ಚಿತ್ರದ ಅತ್ಯಂತ ಮನಕರಗಿಸುವ ಘಟನೆ ನಡೆಯುವುದು ಸ್ಟುಡಿಯೋದಲ್ಲಿ. ಬಹುಕಾಲದ ಮೇಲೆ ನೋರ್ಮಾ ಅಲ್ಲಿಗೆ ಬಂದು ಕುರ್ಚಿಯಲ್ಲಿ ಕುಳಿತಿದ್ದಾಳೆ. ತಲೆಯ ಮೇಲೆ ಹಾದುಹೋದ ಮೈಕು ಅವಳ ಟೋಪಿಯ ಗರಿಯನ್ನು ತಾಕುತ್ತದೆ. ಅವಳು ಅದನ್ನು ತಾತ್ಸಾರದಿಂದ ಪಕ್ಕಕ್ಕೆ ತಳ್ಳುತ್ತಾಳೆ. ಆಗ ಮೇಲಿನ ಅಟ್ಟದಲ್ಲಿದ್ದ ಮುದುಕ ದೀಪಗಾರನೊಬ್ಬ ಅವಳ ಗುರುತು ಹಿಡಿದು ದೊಡ್ಡ ದೀಪವನ್ನು ಅವಳತ್ತ ತಿರುಗಿಸುತ್ತಾನೆ. ಆ ಬೆಳಕಿನಲ್ಲಿ ಅವಳನ್ನು ಕಂಡು ಹಳೆಯ ಕೆಲಸಗಾರರೆಲ್ಲ ಸುತ್ತಲೂ ನೆರೆಯುತ್ತಾರೆ. ಕಂಪನಿಯ ಯಜಮಾನರು ಮರೆತವಳನ್ನು ದೀಪ ಹಿಡಿಯುವವನು ಮರೆತಿರಲಿಲ್ಲ.

ಸ್ವಾನ್ಸನ್ ನಿಜಜೀವನದಲ್ಲಿ ನೋರ್ಮಾಳಂತೆ ಭ್ರಮೆಯಲ್ಲಿ ಮುಳುಗಿದವರಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. 1929ರ ತಮ್ಮ ಮೊದಲ ಟಾಕಿಯಲ್ಲಿ ಅವರು ಮಾತನ್ನೂ ಹಾಡನ್ನೂ ಚೆನ್ನಾಗಿಯೇ ನಿರ್ವಹಿಸಿ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿದ್ದರು. ಆದರೂ ಜನರ ನೆನಪಿನಲ್ಲಿ ನೋರ್ಮಾಳ ಹುಚ್ಚು ಸ್ವಾನ್ಸನ್‌ರ ಮೇಲೆಯೇ ಅಂಟಿಕೊಂಡಿತು. ಸತ್ಯಕ್ಕಿಂತ ಚಿತ್ರವೇ ಗಟ್ಟಿಯಾಗಿ ನಿಲ್ಲುವುದು ಹೀಗೆ.

ಬೂಟಿನ ಹಿಮ್ಮಡಿಯಾದ ಚಂದ್ರಲೋಕ

ಮರೆತವರನ್ನು ಹುಡುಕಿ ತಂದು ಗೌರವಿಸಿದ ಚಿತ್ರವೆಂದರೆ ಮಾರ್ಟಿನ್ ಸ್ಕಾರ್ಸೆಸಿಯವರ ‘ಹ್ಯೂಗೋ’ (2011). ಅದು ಜಾರ್ಜ್ ಮೆಲಿಯೆಸ್ ಅವರ ಕಥೆ. ಪ್ಯಾರಿಸಿನಲ್ಲಿ ಇಂದ್ರಜಾಲದ ಪ್ರದರ್ಶನಗಳನ್ನು ನಡೆಸುತ್ತಿದ್ದ ಮೆಲಿಯೆಸ್ 1897ರಲ್ಲಿ ಮಾಂತ್ರೈ ಎಂಬಲ್ಲಿ ಗಾಜಿನ ಸ್ಟುಡಿಯೋ ಒಂದನ್ನು ಕಟ್ಟಿಸಿದರು. ಸೂರ್ಯನ ಬೆಳಕೇ ಅಲ್ಲಿ ದೀಪ. 1902ರ ‘ಚಂದ್ರಲೋಕಯಾತ್ರೆ’ಯೂ ಸೇರಿ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಅವರು ತಯಾರಿಸಿದರು. ಕಾಲ ಬದಲಾಯಿತು, ಸಾಲ ಏರಿತು, ಯುದ್ಧ ಬಂದಿತು. ಅವರ ಎಷ್ಟೋ ಚಿತ್ರಗಳ ಸೆಲ್ಯುಲಾಯ್ಡನ್ನು ಕರಗಿಸಿ ಸೈನಿಕರ ಬೂಟುಗಳಿಗೆ ಹಿಮ್ಮಡಿ ಮಾಡಿದರು. 1923ರಲ್ಲಿ ಹತಾಶರಾದ ಮೆಲಿಯೆಸ್ ತಮ್ಮಲ್ಲಿ ಉಳಿದಿದ್ದ ಮೂಲಪ್ರತಿಗಳನ್ನು ತಾವೇ ಸುಟ್ಟುಹಾಕಿದರು. ಆಮೇಲೆ ಮಾಂಪರ್ನಾಸ್ ರೈಲ್ವೆ ನಿಲ್ದಾಣದ ಒಂದು ಅಂಗಡಿಯಲ್ಲಿ ಆಟದ ಸಾಮಾನುಗಳನ್ನು ಮಾರುತ್ತ ದಿನ ಕಳೆದರು.

ಕಥೆಗಾಗಿ ಕೆಲವು ಬದಲಾವಣೆಗಳನ್ನು ಮಾಡಿಕೊಂಡಿದ್ದರೂ ‘ಹ್ಯೂಗೋ’ ಹೇಳುವ ಮುಖ್ಯ ಸಂಗತಿ ನಿಜ. 1929ರಲ್ಲಿ ಪ್ಯಾರಿಸಿನಲ್ಲಿ ಮೆಲಿಯೆಸ್ ಅವರಿಗಾಗಿ ದೊಡ್ಡ ಸನ್ಮಾನಸಭೆ ನಡೆದು, ದೊರೆತಷ್ಟು ಹಳೆಯ ಚಿತ್ರಗಳನ್ನು ಮತ್ತೆ ತೆರೆಯ ಮೇಲೆ ಮೂಡಿಸಿದರು. ಅವರು ತೀರಿಕೊಂಡದ್ದು 1938ರಲ್ಲಿ.

ಮೆಲಿಯೆಸ್ ಅವರ ಚಿತ್ರಗಳಿಗೆ ಬಣ್ಣವೂ ಇತ್ತು. ಪ್ಯಾರಿಸಿನಲ್ಲಿ ಎಲಿಜಬೆತ್ ತುಯಿಲಿಯೆ ಎಂಬಾಕೆ ನಡೆಸುತ್ತಿದ್ದ ಕಾರ್ಯಾಗಾರದಲ್ಲಿ ಇನ್ನೂರರಷ್ಟು ಹೆಂಗಸರು ಸಾಲಾಗಿ ಕುಳಿತು, ಅಂಚೆಚೀಟಿಯಷ್ಟು ಸಣ್ಣ ಒಂದೊಂದು ಚೌಕಕ್ಕೂ ಕುಂಚದಿಂದ ಬಣ್ಣ ತುಂಬುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದೇ ಬಣ್ಣ. ಹೀಗೆ ಬಣ್ಣ ಕಂಡ ‘ಚಂದ್ರಲೋಕಯಾತ್ರೆ’ಯ ಪ್ರತಿಯೊಂದು 1993ರಲ್ಲಿ ಬಾರ್ಸಿಲೋನಾದಲ್ಲಿ ದೊರೆತು, ವರ್ಷಗಟ್ಟಲೆಯ ದುರಸ್ತಿಯ ಅನಂತರ 2011ರಲ್ಲಿ, ‘ಹ್ಯೂಗೋ’ ಬಂದ ವರ್ಷವೇ, ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಮೆಲಿಯೆಸ್ ಅವರ ಹೆಸರು ಜಗತ್ತಿಗೆ ಮರಳಿ ದೊರೆಯಿತು. ಕುಂಚ ಹಿಡಿದ ಆ ಹೆಂಗಸರ ಹೆಸರುಗಳನ್ನು ಯಾವ ಚಿತ್ರವೂ ಹೇಳಲಿಲ್ಲ.

ಹರಿಶ್ಚಂದ್ರನ ಕಾರ್ಖಾನೆ

ಪ್ಯಾರಿಸಿನ ಈ ಕಥೆಗೆ ಸಾಟಿಯಾದುದು ಭಾರತದಲ್ಲಿಯೂ ಇದೆ. ಪರೇಶ್ ಮೊಕಾಶಿಯವರ ಮರಾಠಿ ಚಿತ್ರ ‘ಹರಿಶ್ಚಂದ್ರಾಚೀ ಫ್ಯಾಕ್ಟರಿ’ (2009) ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತಯಾರಿಸಿದ ಸಾಹಸವನ್ನು ಹೇಳುತ್ತದೆ. ಆ ವರ್ಷ ಭಾರತದ ಪರವಾಗಿ ಆಸ್ಕರ್ ಸ್ಪರ್ಧೆಗೆ ಹೋದ ಚಿತ್ರವೂ ಅದೇ. ಕಷ್ಟಗಳ ಕಥೆಯನ್ನು ಕಣ್ಣೀರಿನಿಂದ ಹೇಳದೆ ನಗುನಗುತ್ತ ಹೇಳಿದ್ದು ಅದರ ಹೆಚ್ಚಳ.

ಮುದ್ರಣಾಲಯದ ಪಾಲುದಾರಿಕೆಯನ್ನು ಮುರಿದುಕೊಂಡು ಹೊರಬಂದಿದ್ದ ಫಾಲ್ಕೆಯವರು ಮುಂಬಯಿಯಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಚಿತ್ರವೊಂದನ್ನು ನೋಡಿದರು. ಕ್ರಿಸ್ತನ ಜಾಗದಲ್ಲಿ ರಾಮಕೃಷ್ಣರು ಏಕೆ ಚಲಿಸಬಾರದು ಎಂಬ ಯೋಚನೆ ಅವರನ್ನು ಹಿಡಿಯಿತು. ಹಗಲಿರುಳು ಚಿತ್ರಗಳನ್ನು ನೋಡಿ ನೋಡಿ ಕೆಲಕಾಲ ಕಣ್ಣೇ ಕಾಣದಂತಾಯಿತು. ವಿಮೆಯ ಮೇಲೆ ಸಾಲವೆತ್ತಿ 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾವನ್ನು ಕೊಂಡು ತಂದರು. ಹಣ ಕೊಡಬಲ್ಲವರ ನಂಬಿಕೆಯನ್ನು ಗಳಿಸಲು, ಬಟಾಣಿಯ ಬೀಜವು ಮೊಳೆತು ಗಿಡವಾಗುವುದನ್ನು ದಿನದಿನವೂ ಚಿತ್ರೀಕರಿಸಿ ತೋರಿಸಿದರು.

ಹೆಣ್ಣಿನ ಪಾತ್ರಕ್ಕೆ ಹೆಂಗಸರಾರೂ ಒಪ್ಪಲಿಲ್ಲ. ಕೊನೆಗೆ ತಾರಾಮತಿಯಾದವನು ಉಪಹಾರಗೃಹವೊಂದರಲ್ಲಿ ಅಡಿಗೆಯ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ. ಇದೇ ಸಾಳುಂಕೆ 1917ರ ‘ಲಂಕಾದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ! ಚಿತ್ರದಲ್ಲಿ ಕೆಲಸ ಮಾಡುವುದೆಂದರೆ ಮಾನಗೇಡು ಎಂದು ಬಗೆಯುತ್ತಿದ್ದ ಕಾಲವದು. ಯಾರಾದರೂ ಕೇಳಿದರೆ ‘ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇವೆ’ ಎಂದು ಹೇಳುವಂತೆ ಫಾಲ್ಕೆಯವರು ನಟರಿಗೆ ಹೇಳಿಕೊಟ್ಟಿದ್ದರಂತೆ. ಮೊಕಾಶಿಯವರ ಚಿತ್ರಕ್ಕೆ ಹೆಸರು ಬಂದದ್ದು ಈ ಮಾತಿನಿಂದ.

ಈ ಕಾರ್ಖಾನೆಯ ನಿಜವಾದ ಆಧಾರಸ್ತಂಭ ಫಾಲ್ಕೆಯವರ ಪತ್ನಿ ಸರಸ್ವತೀಬಾಯಿ. ಆಕೆ ಒಡವೆಗಳನ್ನು ಬಿಚ್ಚಿಕೊಟ್ಟರು. ಚಿತ್ರತಂಡಕ್ಕೆಲ್ಲ ಅಡಿಗೆ ಮಾಡಿ ಬಡಿಸಿದರು. ಅಷ್ಟಕ್ಕೇ ನಿಲ್ಲದೆ, ರಾತ್ರಿಯ ಹೊತ್ತು ಫಿಲ್ಮಿನ ಅಂಚಿನಲ್ಲಿ ರಂಧ್ರಗಳನ್ನು ಕೊರೆಯುವುದನ್ನೂ, ಕತ್ತಲೆಕೋಣೆಯಲ್ಲಿ ಅದನ್ನು ರಾಸಾಯನಿಕಗಳಲ್ಲಿ ತೊಳೆದು ಚಿತ್ರ ಮೂಡಿಸುವುದನ್ನೂ ಕಲಿತರು. ಬಿಸಿಲನ್ನು ನಟರ ಮುಖದತ್ತ ತಿರುಗಿಸಲು ಬಿಳಿಯ ಬಟ್ಟೆಯನ್ನು ಹಿಡಿದು ನಿಂತರು. 1913ರ ಮೇ 3ರಂದು ಗಿರಗಾಂವದ ಕಾರೊನೇಷನ್ ಚಿತ್ರಮಂದಿರದಲ್ಲಿ ಜನರು ಮುಗಿಬಿದ್ದು ನೋಡಿದ ಚಿತ್ರದ ಹಿಂದೆ ಈ ಗೃಹಿಣಿಯ ಕೈಗಳಿದ್ದವು. ಮೊಕಾಶಿಯವರು ಆಕೆಯನ್ನು ಮರೆಯಲಿಲ್ಲ. ಗಂಡನ ಹುಚ್ಚಿಗೆ ಹೆಗಲುಕೊಡುವ, ಜೊತೆಗೆ ತನ್ನದೇ ವಿವೇಕವೂ ಹಾಸ್ಯಪ್ರಜ್ಞೆಯೂ ಉಳ್ಳ ಹೆಣ್ಣಾಗಿ ಸರಸ್ವತೀಬಾಯಿಯವರು ಅಲ್ಲಿ ಜೀವಂತವಾಗಿ ನಿಂತಿದ್ದಾರೆ. ಸುಮಾರು ನೂರು ವರ್ಷಗಳ ಮೇಲಾದರೂ ಒಂದು ಋಣ ಸಂದಿತು.

ಮುಖವಿಲ್ಲದ ನಾಯಿಕೆ

ಎಲ್ಲ ಋಣಗಳೂ ಹೀಗೆ ನಗುನಗುತ್ತ ತೀರುವಂಥವಲ್ಲ. ಕಮಲ್ ಅವರ ಮಲಯಾಳಂ ಚಿತ್ರ ‘ಸೆಲ್ಯುಲಾಯ್ಡ್’ (2013) ಹೇಳುವುದು ಜೆ. ಸಿ. ಡೇನಿಯಲ್ ಅವರ ಕಥೆಯನ್ನು. ಅವರು ಆಸ್ತಿಯನ್ನು ಮಾರಿ, 1926ರಲ್ಲಿ ತಿರುವನಂತಪುರದಲ್ಲಿ ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್ ಎಂಬ ಸ್ಟುಡಿಯೋವನ್ನು ತೆರೆದು, ‘ವಿಗತಕುಮಾರನ್’ ಎಂಬ ಮೂಕಚಿತ್ರವನ್ನು ತಯಾರಿಸಿದರು. ಪುರಾಣದ ಕಥೆಗಳೇ ತುಂಬಿದ್ದ ಆ ಕಾಲದಲ್ಲಿ ಅವರು ಆರಿಸಿಕೊಂಡದ್ದು ಸಾಮಾಜಿಕ ವಸ್ತುವನ್ನು. ನಿರ್ಮಾಪಕ, ನಿರ್ದೇಶಕ, ನಾಯಕ ಎಲ್ಲವೂ ಅವರೇ.

ನಾಯಿಕೆಯಾದವಳು ರೋಸಿ ಎಂಬ ಬಡ ತರುಣಿ. ದಲಿತ ಸಮುದಾಯದಲ್ಲಿ ಹುಟ್ಟಿ, ಜಾನಪದ ನಾಟಕಗಳಲ್ಲಿ ವೇಷ ಕಟ್ಟುತ್ತಿದ್ದವಳು. ಚಿತ್ರದಲ್ಲಿ ಅವಳು ವಹಿಸಿದ್ದು ಮೇಲ್ಜಾತಿಯ ನಾಯರ್ ಹೆಣ್ಣಿನ ಪಾತ್ರವನ್ನು. ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಪ್ರದರ್ಶನ ನಡೆದಾಗ ಜಾತಿಯ ಮದ ತಲೆಗೇರಿದ ಜನರು ಇದನ್ನು ಸಹಿಸಲಿಲ್ಲ. ನಾಯಕನು ಅವಳ ಮುಡಿಯ ಹೂವಿಗೆ ಮುತ್ತಿಡುವ ದೃಶ್ಯ ಬರುತ್ತಲೇ ತೆರೆಯ ಮೇಲೆ ಕಲ್ಲುಗಳು ಬಿದ್ದವು. ರೋಸಿಯನ್ನು ಬೆನ್ನಟ್ಟಿದರು. ಅವಳು ಊರನ್ನೇ ಬಿಟ್ಟು ಓಡಿಹೋಗಿ, ತಮಿಳು ನಾಡಿನಲ್ಲಿ ಬೇರೆಯ ಹೆಸರಿನಿಂದ ಬಾಳನ್ನು ಸವೆಸಿದಳು. ಮತ್ತೆಂದೂ ಅಭಿನಯಿಸಲಿಲ್ಲ. ಡೇನಿಯಲ್ ಅವರೂ ಸ್ಟುಡಿಯೋವನ್ನು ಮುಚ್ಚಿ, ದಂತವೈದ್ಯರಾಗಿ ಜೀವನ ನಡೆಸಿ, 1975ರಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದರು.

ಚೇಲಂಗಾಟ್ ಗೋಪಾಲಕೃಷ್ಣನ್ ಎಂಬ ಪತ್ರಕರ್ತರು ಡೇನಿಯಲ್ ಅವರನ್ನು ಹುಡುಕಿ ಅವರ ಪರವಾಗಿ ಬರೆದು ಹೋರಾಡದಿದ್ದರೆ ಈ ಕಥೆಯೂ ಉಳಿಯುತ್ತಿರಲಿಲ್ಲ. ಇಂದು ಡೇನಿಯಲ್ ಮಲಯಾಳಂ ಚಿತ್ರರಂಗದ ಪಿತಾಮಹ. ಕೇರಳ ಸರಕಾರದ ಅತ್ಯುನ್ನತ ಚಲಚ್ಚಿತ್ರ ಗೌರವವು ಅವರ ಹೆಸರಿನಲ್ಲಿದೆ. ‘ಸೆಲ್ಯುಲಾಯ್ಡ್’ ಚಿತ್ರಕ್ಕೂ ರಾಜ್ಯಪ್ರಶಸ್ತಿ ಬಂದಿತು, ರಾಷ್ಟ್ರಪ್ರಶಸ್ತಿಯೂ ಬಂದಿತು.

ರೋಸಿಗೆ ಬಂದದ್ದೇನು? ‘ವಿಗತಕುಮಾರನ್’ ಚಿತ್ರದ ಪ್ರತಿ ಉಳಿದಿಲ್ಲ. ಅವಳದೆಂದು ಎಲ್ಲರೂ ಒಪ್ಪುವ ಒಂದು ಭಾವಚಿತ್ರವೂ ಇಲ್ಲ. ಮಲಯಾಳಂ ಚಿತ್ರರಂಗದ ಮೊದಲ ನಾಯಿಕೆಯ ಮುಖ ಹೇಗಿತ್ತೆಂಬುದು ಯಾರಿಗೂ ಖಚಿತವಾಗಿ ತಿಳಿಯದು. ಕಮಲ್ ಅವರ ಚಿತ್ರವು ಅವಳಿಗೆ ಹೊಸ ನಟಿಯೊಬ್ಬಳ ಮುಖವನ್ನು ಕೊಟ್ಟಿತು. ತನ್ನ ಚಿತ್ರವನ್ನು ಉಳಿದವರೊಡನೆ ಕುಳಿತು ನೋಡುವ ಭಾಗ್ಯವೂ ಅವಳಿಗಿಲ್ಲವಾದುದನ್ನು ತೋರಿಸಿ ಪ್ರೇಕ್ಷಕರ ಕಣ್ಣನ್ನು ತೇವಗೊಳಿಸಿತು. ಆದರೂ ಅವಳು ಓಡಿಹೋದ ಅನಂತರ ಕಥೆಯು ಡೇನಿಯಲ್ ಅವರ ಹಿಂದೆ ಹೋಗುತ್ತದೆ, ರೋಸಿಯ ಹಿಂದೆ ಹೋಗುವುದಿಲ್ಲ. ನಿರ್ದೇಶಕನು ನಿರ್ದೇಶಕನ ಋಣವನ್ನು ತೀರಿಸಿದ್ದಾನೆ. ನಟಿಯ ಋಣ ಇನ್ನೂ ಬಾಕಿಯಿದೆ.

ಪೆಟ್ಟಿಗೆಯ ತಳದಲ್ಲಿ

ಈ ಐದು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಹಿಂದಿನವರನ್ನು ಸ್ಮರಿಸುವಾಗ ಸಿನಿಮಾವು ಮುಂದೆ ನಿಂತವರನ್ನು ಮೊದಲು ಸ್ಮರಿಸುತ್ತದೆ. ಬೆಟ್ಟಿ ನಾಯ್ಸ್, ಬಣ್ಣ ತುಂಬಿದ ಹೆಂಗಸರು, ಸರಸ್ವತೀಬಾಯಿ, ರೋಸಿ ಇವರೆಲ್ಲರ ಸರದಿ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಸಾಕ್ಷ್ಯ ಉಳಿದಿದ್ದರೆ ಮಾತ್ರ ಅವರ ಸರದಿ ಬಂದೀತು. ಬೆಟ್ಟಿ ನಾಯ್ಸ್ ಅವರ ದನಿ ಉಳಿಯಿತು. ಆದ್ದರಿಂದ ಅವರ ಹೆಸರನ್ನು ಆಮೇಲಾದರೂ ಕಂಡುಹಿಡಿಯಲಾಯಿತು. ರೋಸಿಯದು ಏನೂ ಉಳಿಯಲಿಲ್ಲ.

ಕನ್ನಡಿಗರಿಗೆ ಇದು ಪರರ ಮಾತಲ್ಲ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಇವರ ಮೊದಲ ಮಾತುಗಳು ತೆರೆಯ ಮೇಲೆ ಹೇಗೆ ಮೊಳಗಿದುವೆಂಬುದನ್ನು ಊಹಿಸಿಕೊಳ್ಳಬೇಕಷ್ಟೆ. ಟಾಕಿಯ ಗತಿಯೇ ಹೀಗಾದರೆ ಅದಕ್ಕೂ ಹಿಂದೆ ಬೆಂಗಳೂರಿನಲ್ಲಿ ತಯಾರಾದ ಮೂಕಚಿತ್ರಗಳ ಮಾತನ್ನು ಹೇಳುವುದೇನು!

1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದಾಗ ಅದನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಊರೂರು ಅಲೆದು ಹಳೆಯ ಸುರುಳಿಗಳನ್ನು ಕೂಡಿಹಾಕಿದರು. ‘ರಾಜಾ ಹರಿಶ್ಚಂದ್ರ’ದ ಉಳಿದ ರೀಲುಗಳು ಅವರಿಗೆ ದೊರೆತದ್ದು ಫಾಲ್ಕೆಯವರ ಮಕ್ಕಳಿಂದ. ಇತಿಹಾಸದ ಸಾಕ್ಷ್ಯ ಮನೆಯ ಪೆಟ್ಟಿಗೆಯ ತಳದಲ್ಲಿತ್ತು. ಹಳೆಯ ಹಾಡಿನ ಪುಸ್ತಕ, ಹಸಿರು ಕೆಂಪು ಕಾಗದದ ಕರಪತ್ರ, ವೇಷ ತೊಟ್ಟು ನಿಂತ ಅಜ್ಜನದೋ ಅಜ್ಜಿಯದೋ ಮಾಸಿದ ಭಾವಚಿತ್ರ ಇವು ಎಷ್ಟೋ ಮನೆಗಳಲ್ಲಿ ಇನ್ನೂ ಇರಬಹುದು. ಹಬ್ಬಕ್ಕೆಂದು ಅಟ್ಟವನ್ನು ಗುಡಿಸುವಾಗ ಅಂತಹದೊಂದು ಕೈಗೆ ಸಿಕ್ಕಿದರೆ ಹಳೆಯ ಕಾಗದದವನಿಗೆ ಹಾಕುವ ಮೊದಲು ಅದರ ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ಒಳ್ಳೆಯದು. ರೋಸಿಯ ಅಂತಹ ಒಂದು ಚಿತ್ರವನ್ನು ಯಾರಾದರೂ ಹಾಗೆ ತೆಗೆದಿರಿಸಿದ್ದರೆ ಇಂದು ಅವಳಿಗೆ ಅವಳದೇ ಮುಖವಿರುತ್ತಿತ್ತು.